ಹಲಗೆಗೆ ಬಂದ ನಾಯಿಮರಿ

ಆ ಪ್ರಶ್ನೆ ಹಲಗೆಯ ಮೇಲೆ ಯಾವತ್ತು ಬಂತು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಶಾಲೆಯ ಕಂಪ್ಯೂಟರಿನೊಳಗೆ ಗಡಿಯಾರ ಇರಲಿಲ್ಲ. ಯಾರು ಏನು ಬರೆದರೂ ಅದು ಒಂದರ ಕೆಳಗೊಂದು ಸಾಲಾಗಿ ಕೂರುತ್ತಿತ್ತೇ ಹೊರತು ವಾರ, ತಾರೀಖು ಏನೂ ಉಳಿಯುತ್ತಿರಲಿಲ್ಲ. ನಾನು ನೋಡಿದ್ದು ಒಂದು ಸೋಮವಾರ ಮಧ್ಯಾಹ್ನ. ಕಂಪ್ಯೂಟರ್ ಕೋಣೆಯೊಳಗೆ ತಿಂಡಿ ತರಬಾರದು ಅಂತ ಬಾಗಿಲಿಗೆ ಚೀಟಿ ಅಂಟಿಸಿದವಳು ನಾನೇ, ಎಡಗೈಯಲ್ಲಿ ಕೀಲಿ ಒತ್ತುತ್ತ ಬಲಗೈಯಲ್ಲಿ ಮೊಸರನ್ನ ತಿನ್ನುತ್ತಿದ್ದವಳೂ ನಾನೇ. ಹರಕುಮುರುಕು ಇಂಗ್ಲಿಷಿನಲ್ಲಿ ಪರದೆಯ ಮೇಲೆ ಇಷ್ಟಿತ್ತು: ‘ಸಣ್ಣ ನಾಯಿ ಕಚ್ಚಿತು. ಆಮೇಲೆ ಸಣ್ಣ ನಾಯಿ ಸತ್ತುಹೋಯಿತು. ಏನಾಗುತ್ತದೆ?’

ಕೆಳಗೆ ಮಕ್ಕಳ ಉತ್ತರಗಳಿದ್ದವು. ಮೊದಲನೆಯದು ‘ಬೌ ಬೌ’. ಎರಡನೆಯದು, ‘ಹೊಕ್ಕುಳ ಸುತ್ತ ಹದಿನಾಲ್ಕು ಊಸಿ, ಒಂದೊಂದೂ ಕೊಡೆಕಡ್ಡಿಯಷ್ಟು ಉದ್ದ.’ ಊಸಿ ಅಂದರೆ ನಮ್ಮ ಕಡೆ ಇಂಜೆಕ್ಷನ್. ಇನ್ಯಾರೋ, ವೆಳ್ಳಕೋಯಿಲ್ ಹತ್ತಿರ ಒಬ್ಬರು ದಾರ ಮಂತ್ರಿಸಿ ಕಟ್ಟುತ್ತಾರೆ, ಕೋಳಿ ಮೀನು ಬಿಟ್ಟರೆ ಸಾಕು, ಊಸಿಗೀಸಿ ಏನೂ ಬೇಡ ಅಂತ ಧೈರ್ಯ ಹೇಳಿದ್ದರು. ಅದರ ಕೆಳಗೆ ಮತ್ತೆ ‘ಬೌ’. ಇಷ್ಟೆಲ್ಲ ಉತ್ತರ ಸೇರಬೇಕಾದರೆ ಪ್ರಶ್ನೆ ಬಂದು ದಿನಗಳೇ ಆಗಿರಬೇಕು.

ನಾಯಿ ಕಚ್ಚುವುದು ಅಂದರೆ ನನಗೆ ಬರೀ ಪಾಠದ ಮಾತಲ್ಲ. ನಾನು ಲಂಗ ಹಾಕುವ ವಯಸ್ಸಿನಲ್ಲಿ ನಮ್ಮ ಬೀದಿಯ ನೇಕಾರರೊಬ್ಬರು ಹಾಗೆ ಹೋದರು. ನಾಯಿ ಕಚ್ಚಿದ್ದನ್ನು ಅವರೇ ಮರೆತಿದ್ದರಂತೆ. ಕಿಟಕಿ ಮುಚ್ಚಿದ ಕೋಣೆಯಿಂದ ಬರುತ್ತಿದ್ದ ಅವರ ದನಿ ಮಕ್ಕಳ ಕಿವಿಗೆ ಬೀಳದಿರಲಿ ಅಂತ ನಮ್ಮಮ್ಮ ಮಗ್ಗ ನಿಲ್ಲಿಸದೆ ನೇಯುತ್ತಲೇ ಇದ್ದಳು. ನನಗೆ ಎರಡೂ ಕೇಳುತ್ತಿತ್ತು. ಹುಚ್ಚುನಾಯಿಯ ಆ ಕಾಯಿಲೆ ಶುರುವಾದ ಮೇಲೆ ಯಾವ ಡಾಕ್ಟರ ಕೈಯಲ್ಲೂ ಏನೂ ಇಲ್ಲ, ಶುರುವಾಗುವ ಮೊದಲೇ ಊಸಿ ಬೀಳಬೇಕು. ನಮ್ಮ ಶಾಲೆಯ ಯಾವುದೋ ಒಂದು ಮಗು ಅದನ್ನು ಹಾಕಿಸಿಕೊಳ್ಳದೆ ದಿನ ಕಳೆಯುತ್ತಿತ್ತು. ಯಾವ ಮಗು ಅಂತ ನನಗೆ ಗೊತ್ತಿರಲಿಲ್ಲ.

ಗೊತ್ತಾಗದ ಹಾಗೆ ಏರ್ಪಾಟು ಮಾಡಿದವಳೂ ನಾನೇ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಕೊಯಮತ್ತೂರಿನಿಂದ ಪಲ್ಲಡಂಗೆ ಹೋಗುವ ರಸ್ತೆಯ ನಮ್ಮ ಶಾಲೆಗೆ ಸರ್ಕಾರದ ಯೋಜನೆಯಲ್ಲಿ ಎರಡು ಕಂಪ್ಯೂಟರ್ ಬಂದವು. ಗಣಿತದ ಟೀಚರ್ ನಾನು. ಒಂದಿಷ್ಟು ದಿನ ತರಬೇತಿಗೆ ಕಳಿಸಿ, ವಾಪಸು ಬಂದ ಮೇಲೆ ಹೆಡ್ಮಾಸ್ಟರು ಕೋಣೆಯ ಬೀಗದಕೈ ನನ್ನ ಕೈಗಿಟ್ಟು, “ಇನ್ನು ಇವು ನಿಮ್ಮ ಮಕ್ಕಳು ಅಮ್ಮಾ, ಕೆಟ್ಟರೆ ನೀವೇ ಹೊಣೆ” ಅಂದರು. ನಾನು ಎರಡಕ್ಕೂ ತಂತಿ ಎಳೆದು ಒಂದೇ ಫ್ಲಾಪಿಯನ್ನು ಹಂಚಿಕೊಳ್ಳುವ ಹಾಗೆ ಮಾಡಿ, ರಜೆಯಲ್ಲಿ ಕೂತು ಬೇಸಿಕ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದೆ. ಒಬ್ಬರು ಪ್ರಶ್ನೆ ಹಾಕಬಹುದು, ಮಿಕ್ಕವರು ಅದರ ಕೆಳಗೆ ಚರ್ಚೆ ಮಾಡಬಹುದು. ಒಂದು ಕಂಪ್ಯೂಟರಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಕೂಡಲೇ ಕಾಣುತ್ತಿತ್ತು. ಅದಕ್ಕೆ ಹಲಗೆ ಅಂತ ಹೆಸರಿಟ್ಟೆ.

ತರಗತಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುವ ಮಕ್ಕಳು ಹಲಗೆಯ ಮೇಲೆ ಏನೆಲ್ಲ ಕೇಳಿದರು! ಸೊನ್ನೆ ಸಮಸಂಖ್ಯೆಯೋ ಅಲ್ಲವೋ ಅಂತ ಒಂದು ವಾರ ಕಾದಾಡಿದರು. ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕಿದ ಸಾಯದ ನೀರು ಅಜ್ಜನ ಊರಿನ ಬಾವಿಗೆ ಹೇಗೆ ಬರುತ್ತದೆ ಅಂತ ಒಬ್ಬರು ಕೇಳಿದರೆ ಪುಟಗಟ್ಟಲೆ ಉತ್ತರ ಬಂತು. ಆದರೆ ಅವರದೊಂದು ಷರತ್ತು. ಹೆಸರು ಹಾಕುವುದಿಲ್ಲ, ಯಾರು ಬರೆದರು ಅಂತ ಟೀಚರ್ ನೋಡಬಾರದು. ನಾನು ಒಪ್ಪಿದೆ. ಎರಡು ಕಂಪ್ಯೂಟರಿನ ನಡುವೆ ಚೆನ್ನಿಮಲೆಯ ಒಂದು ಬೆಡ್‌ಶೀಟು ಕಟ್ಟಿದೆ. ಊಟದ ಹೊತ್ತಿನಲ್ಲಿ, ಕಡೆಯ ಗಂಟೆ ಹೊಡೆದ ಮೇಲೆ, ಮಕ್ಕಳು ಜಗಲಿಯ ಬಾಗಿಲಿನಿಂದ ಒಬ್ಬೊಬ್ಬರೇ ಆಚೆ ಬದಿಗೆ ಬಂದು ಬರೆದು ಹೋಗುತ್ತಿದ್ದರು. ನಾನು ಈಚೆ ಬದಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ. “ಹೆಸರಿಲ್ಲದೆ ಬರೆಸಿದರೆ ಅದು ಕಕ್ಕಸಿನ ಗೋಡೆ ಆಗುತ್ತೆ ಅಮ್ಮಾ” ಅಂತ ಹೆಡ್ಮಾಸ್ಟರು ಎಚ್ಚರಿಸಿದಾಗ, “ಕಕ್ಕಸಿನ ಗೋಡೆಯಲ್ಲಾದರೂ ಮಕ್ಕಳು ಮನಸ್ಸಿನಲ್ಲಿರೋದನ್ನ ಬರೀತಾರೆ ಸಾರ್” ಅಂದಿದ್ದೆ. ನನ್ನ ನಾಲಿಗೆ ಸ್ವಲ್ಪ ಉದ್ದ.

ಆ ಸೋಮವಾರ ನಾನು ಕೈಯನ್ನೂ ತೊಳೆಯದೆ ದೊಡ್ಡಕ್ಷರಗಳಲ್ಲಿ ಉತ್ತರ ಬಡಿದೆ. ‘ಗಾಯವನ್ನು ಸೋಪು ಹಾಕಿ ತೊಳೆ. ಇವತ್ತೇ ಆಸ್ಪತ್ರೆಗೆ ಹೋಗು. ಊಸಿ ಹಾಕಿಸದಿದ್ದರೆ ಸಾವು ಖಂಡಿತ.’ ಬರೆದು, ಸರಿಯಾದ ಕೆಲಸ ಮಾಡಿದೆ ಅಂತ ಒಂದು ಉಸಿರು ಬಿಟ್ಟೆ. ಮರುದಿನ ಬೆಳಿಗ್ಗೆ ಫ್ಲಾಪಿ ಹಾಕಿ ನೋಡಿದರೆ ಪ್ರಶ್ನೆ, ಮಕ್ಕಳ ಉತ್ತರ ಯಾವುದೂ ಇರಲಿಲ್ಲ. ಬರೆದು ಪಶ್ಚಾತ್ತಾಪ ಪಡುವವರಿಗೆ ಇರಲಿ ಅಂತ ನಾನೇ ಒಂದು ಅಳಿಸುವ ಕೀಲಿ ಇಟ್ಟಿದ್ದೆ, ಯಾರೋ ಅದನ್ನು ಒತ್ತಿದ್ದರು. ‘ಸಾವು ಖಂಡಿತ’ ಅನ್ನುವ ನನ್ನ ಸಾಲು ಮಾತ್ರ ಮೇಲೆ ಕೆಳಗೆ ಏನೂ ಇಲ್ಲದೆ ಉಳಿದಿತ್ತು. ಮಗು ಬಂದಿದೆ, ಓದಿದೆ, ಹೆದರಿ ಓಡಿದೆ. ಅಯ್ಯೋ ದೇವರೇ, ನಾನೇ ಓಡಿಸಿದೆನಲ್ಲ!

ಆವತ್ತು ಅರ್ಧ ದಿನ ರಜೆ ಹಾಕಿ ಬಸ್ಸು ಹಿಡಿದು ಕೊಯಮತ್ತೂರಿನ ಸರ್ಕಾರಿ ಆಸ್ಪತ್ರೆಗೆ ಹೋದೆ. ಹೊರರೋಗಿಗಳ ಸಾಲಿನಲ್ಲಿ ನಿಂತು ನಿಂತು ಡಾಕ್ಟರ ಮುಂದೆ ಕೂತಾಗ, ರೋಗಿ ಎಲ್ಲಿ ಅಂತ ಕೇಳಿದರು. ಯಾರು ಅಂತ ಗೊತ್ತಿಲ್ಲ ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ರೋಗಿಯ ಹಾಗೆ ನೋಡಿದರು. ನಾನು ಎಲ್ಲ ಹೇಳಿದ ಮೇಲೆ ಅವರ ಮುಖ ಬದಲಾಯಿತು.

“ಮರಿ ಅಂತ ಅಸಡ್ಡೆ ಮಾಡೋ ಹಾಗಿಲ್ಲಮ್ಮಾ. ಮರಿಯಲ್ಲೂ ಇರುತ್ತೆ. ಕಚ್ಚಿದ ಪ್ರಾಣಿ ಸತ್ತಿದೆ ಅಂದ್ರೆ ಒಂದು ದಿನವೂ ಕಾಯಬಾರದು. ಕೂನೂರಿನಿಂದ ಮದ್ದು ಬಂದಿದೆ, ಇಲ್ಲಿ ಐಸ್ ಪೆಟ್ಟಿಗೇಲಿ ಇದೆ. ನೀವು ಪ್ರಶ್ನೆ ತಂದಿದೀರಿ. ನಂಗೆ ಪ್ರಶ್ನೆ ಬೇಡ, ಮಗು ಬೇಕು.”

“ಎಷ್ಟು ದಿನ ಟೈಮ್ ಇದೆ ಡಾಕ್ಟರ್?”

“ಅದು ಗೊತ್ತಿದ್ರೆ ನಾನು ಯಾಕೆ ಹೆದರ್ತೀನಿ?” ಅಂದರು.

ಡಾಕ್ಟರೇ ಹೆದರುತ್ತೇನೆ ಅಂದ ಮೇಲೆ ನಾನು ಯಾವ ಮೂಲೆ! ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತರೆ ಬೀದಿಯ ನಾಯಿಗಳೆಲ್ಲ ನನ್ನ ಕಣ್ಣಿಗೇ ಬೀಳುತ್ತಿದ್ದವು. ಮರುದಿನ ನಾನು ಕೊಟ್ಟ ಮಾತನ್ನು ಅರ್ಧ ಮುರಿದೆ. ಕಂಪ್ಯೂಟರ್ ಕೋಣೆಗೆ ಧೂಳು ಬರಬಾರದು ಅಂತ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರಬೇಕು, ಬೆಡ್‌ಶೀಟು ನೆಲಕ್ಕಿಂತ ಒಂದು ಗೇಣು ಮೇಲೇ ನಿಲ್ಲುತ್ತಿತ್ತು. ನಾನು ಕುರ್ಚಿ ತಿರುಗಿಸಿ ಬರಿಗಾಲುಗಳನ್ನು ನೋಡುತ್ತ ಕೂತೆ. ಹಲ್ಲಿನ ಗುರುತು ಒಂದು ಕಂಡರೆ ಸಾಕು ಅಂದುಕೊಂಡಿದ್ದೆ. ಆದರೆ ಆ ಕಾಲುಗಳಲ್ಲಿ ಗಾಯವಿಲ್ಲದ್ದು ಯಾವುದು? ಸೈಕಲ್ ಚೈನಿಗೆ ಸಿಕ್ಕಿದ್ದು, ಜಾಲಿಮುಳ್ಳು ಹೊಕ್ಕಿದ್ದು, ಮಗ್ಗದಲ್ಲಿ ತುಳಿಯುವ ಪಟ್ಟಿ ತಗುಲಿದ್ದು, ಹುಣ್ಣು ಕೆರೆದು ದೊಡ್ಡದು ಮಾಡಿಕೊಂಡದ್ದು. ಒಂದೊಂದನ್ನು ನೋಡಿದಾಗಲೂ ಇದೇ ಇರಬೇಕು ಅನ್ನಿಸುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿಕೊಂಡು ಗೋಡೆಗೆ ತಿರುಗಿದೆ.

ಬೇರೆ ದಾರಿ ಕಾಣದೆ ಹೆಡ್ಮಾಸ್ಟರಿಗೆ ಹೇಳಿದೆ. ಒಳ್ಳೆಯ ಮನುಷ್ಯ, ಆದರೆ ಹೆದರಿದರೆ ಗದರುವುದೊಂದೇ ಗೊತ್ತು. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಮೈಕ್ ಹಿಡಿದು, ನಾಯಿ ಕಚ್ಚಿಸಿಕೊಂಡವರು ಯಾರು, ಈಗಲೇ ಮುಂದೆ ಬರಬೇಕು, ಮುಚ್ಚಿಟ್ಟವರಿಗೆ ಟಿ.ಸಿ. ಕೊಟ್ಟು ಕಳಿಸುತ್ತೇನೆ ಅಂತ ಗುಡುಗಿದರು. ಒಬ್ಬರೂ ಮುಂದೆ ಬರಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ನಾಯಿಯ ಹಾಗೆ ಬೊಗಳಿದರು, ಇಡೀ ಶಾಲೆ ಹೋ ಅಂತ ನಕ್ಕಿತು. ಬೊಗಳಿದವನು ಒಂಬತ್ತನೇ ತರಗತಿಯ ಒಬ್ಬ ಬಾಯಿಬಡುಕ, ಅವನಿಗೆ ಅಲ್ಲೇ ಅಂಗೈಗೆ ಏಟು ಬಿತ್ತು. ಮಧ್ಯಾಹ್ನದ ಹೊತ್ತಿಗೆ ಕೈಗೋ ಕಾಲಿಗೋ ಬಟ್ಟೆ ಸುತ್ತಿಕೊಂಡ ಮಕ್ಕಳನ್ನೆಲ್ಲ ಮಿಕ್ಕವರು ಬೌ ಬೌ ಅಂತ ಅಟ್ಟಿಸಿಕೊಂಡು ಹೋಗುತ್ತಿದ್ದರು. ಗಾಯ ಇದ್ದವರು ಬಟ್ಟೆ ಬಿಚ್ಚಿ ಎಸೆದರು. ಇನ್ನು ಯಾವ ಮಗು ತಾನೇ ಬಾಯಿ ಬಿಟ್ಟೀತು?

“ಆ ಬೆಡ್‌ಶೀಟು ಕಿತ್ತು ಬಿಸಾಕಿ ಅಮ್ಮಾ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿ” ಅಂದರು ಹೆಡ್ಮಾಸ್ಟರು.

“ಕೇಳಿದ್ರೆ ಇಲ್ಲ ಅಂತಾರೆ ಸಾರ್. ಒಂದು ಸಲ ಇಲ್ಲ ಅಂದ ಮೇಲೆ ಮತ್ತೆ ಹೌದು ಅನ್ನಲ್ಲ.”

“ಮಗು ಸತ್ತರೆ?”

ಒಂದೇ ಒಂದು ದಿನ ಕೊಡಿ ಅಂದೆ. ಅವರು ತಲೆಯಾಡಿಸಿದರು.

ಆ ಸಂಜೆ ಬಸ್‌ಸ್ಟಾಪಿನಲ್ಲಿ ನಿಂತು ಆ ಅಳಿಸಿಹೋದ ಪ್ರಶ್ನೆಯನ್ನು ಮತ್ತೆ ಮತ್ತೆ ನೆನಪಿಗೆ ತಂದುಕೊಂಡೆ. ಸಣ್ಣ ನಾಯಿ ಕಚ್ಚಿತು. ಸಣ್ಣ ನಾಯಿ ಸತ್ತುಹೋಯಿತು. ನಾವೆಲ್ಲ ಕಚ್ಚಿದ್ದರ ಹಿಂದೆ ಬಿದ್ದಿದ್ದೆವು. ಮಕ್ಕಳು ನಕ್ಕರು, ನಾನು ಸಾವು ಅಂದೆ, ಹೆಡ್ಮಾಸ್ಟರು ಟಿ.ಸಿ. ಅಂದರು. ಸತ್ತ ಮರಿಯ ಬಗ್ಗೆ ಯಾರೂ ಒಂದು ಮಾತೂ ಆಡಿರಲಿಲ್ಲ. ಬೀದಿನಾಯಿ ಕಚ್ಚಿ ಓಡಿದ್ದರೆ ಅದು ಆಮೇಲೆ ಸತ್ತದ್ದು ಈ ಮಗುವಿಗೆ ಹೇಗೆ ಗೊತ್ತಾಯಿತು? ಮರಿ ಮಗುವಿನ ಹತ್ತಿರವೇ ಇತ್ತು. ಮಗು ಅದನ್ನು ಸಾಕುತ್ತಿತ್ತು.

ಮರುದಿನ ಊಟದ ಹೊತ್ತಿಗೆ ಹಲಗೆಯ ಮೇಲಿದ್ದದ್ದನ್ನೆಲ್ಲ ಅಳಿಸಿದೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ, ಬರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ತಮಿಳಿನ ಒಂದು ಸಾಲು ಬರೆದೆ. ಅಷ್ಟಾದರೂ ತೃಪ್ತಿಯಾಗದೆ ಅದರ ಕೆಳಗೆ ಅದೇ ಮಾತನ್ನು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡದಲ್ಲಿ ಬರೆದೆ: ‘ಮರೀ ಹೆಸರೇನ್ ಕಣ್ಣು?’ ಕಣ್ಣು ಅಂತ ನಮ್ಮ ಕಡೆ ಮಕ್ಕಳನ್ನು ಮುದ್ದಿಗೆ ಕರೆಯುವುದು. ಆ ಯಂತ್ರದಲ್ಲಿ ಯಾರೂ ಅದುವರೆಗೆ ಕನ್ನಡ ಬರೆದಿರಲಿಲ್ಲ. ಬರೆಯುವವರಾದರೂ ಯಾರು? ಶಾಲೆಯ ಹಿಂದಿನ ಬೀದಿಗಳ ನೇಕಾರ ಮನೆಗಳಲ್ಲೆಲ್ಲ ತಲೆತಲಾಂತರದಿಂದ ಕನ್ನಡ ಆಡುತ್ತಾರೆ, ಅದರ ಅಕ್ಷರ ಬಲ್ಲವರು ಇಲ್ಲ. ನಾನೂ ಕಲಿತದ್ದು ಮದುವೆಯಾದ ಮೇಲೆ, ಮೈಸೂರು ಕಡೆಯ ಗಂಡನಿಂದ, ಅದೂ ಜಗಳವಾಡುತ್ತ. ಯಾಕೆ ಹಾಗೆ ಬರೆದೆ ಅಂದರೆ, ಹೆದರಿಕೆ ಆದಾಗ ನನಗೆ ಬರುವುದು ಆ ಮಾತೇ, ಅಷ್ಟೇ ಕಾರಣ.

ಕಡೆಯ ಗಂಟೆ ಹೊಡೆಯಿತು. ನಾನು ನನ್ನ ಕಂಪ್ಯೂಟರಿನ ಮುಂದೆ ಕೂತೆ. ಬೆಡ್‌ಶೀಟಿನ ಆಚೆ ಒಂದು ಮಗು ಬಂದು ‘ಯಾವ ಮರಿ ಟೀಚರ್?’ ಅಂತ ತಮಿಳಿನಲ್ಲಿ ಬರೆದು ಹೋಯಿತು. ಇನ್ನೊಂದು ಮಗು ಏನೂ ಬರೆಯದೆ ಹೋಯಿತು. ಆಮೇಲೆ ಯಾರೋ ಬಂದು ಕೂತರು. ಸ್ಟೂಲು ಕಿರ್ ಅಂದಿತು. ಫ್ಯಾನು ತಿರುಗುತ್ತಿತ್ತು, ಸ್ಟೆಬಿಲೈಜರು ಗುಂಯ್ ಅನ್ನುತ್ತಿತ್ತು. ಟಕ್, ಟಕ್, ಟಕ್, ಟಕ್. ನನ್ನ ಕನ್ನಡದ ಸಾಲಿನ ಕೆಳಗೆ ಒಂದು ಪದ ಮೂಡಿತು. ‘ಮಣಿ.’

ಮುಂದಿನ ಒಂದು ಸಾಲು ಬರೆಯಲು ಮೂರು ಸಲ ತಿದ್ದಿದೆ.

‘ಮಣಿ ಯಾವಾಗ ಹೋಯ್ತು?’

‘ಹೋದ ವಾರ. ಬಾಯಲ್ಲಿ ಜೊಲ್ಲು ಬಂತು. ನಡೀಲಿಕ್ಕೆ ಆಗ್ಲಿಲ್ಲ.’

ಅದೇ ಕಾಯಿಲೆ, ಇನ್ನು ಅನುಮಾನವಿಲ್ಲ. ಕೈಯಳತೆಯಲ್ಲಿ ಬೆಡ್‌ಶೀಟಿನ ಅಂಚು. ಒಂದು ಸಲ ಎಳೆದರೆ ಮಗು ಕಣ್ಣೆದುರು ಇರುತ್ತದೆ. ನಾನು ಅಂಚನ್ನು ಮುಷ್ಟಿಯಲ್ಲಿ ಹಿಡಿದೂಬಿಟ್ಟೆ. ಎಳೆದು ಕೈ ಹಿಡಿದು ಆಸ್ಪತ್ರೆಗೆ ದರದರ ಎಳೆದುಕೊಂಡು ಹೋಗಲೇ? ಕೊಸರಿಕೊಂಡು ಜಗಲಿಯಿಂದ ಹಾರಿ ಓಡಿದರೆ, ನಾನಲ್ಲ ನಾನಲ್ಲ ಅಂತ ಎಲ್ಲರೆದುರು ಅಂದರೆ, ಆಮೇಲೆ ಆ ಮಗುವಿಗೆ ಹಲಗೆಯೂ ಇಲ್ಲ, ನಾನೂ ಇಲ್ಲ. ಎಳೆದರೂ ಭಯ, ಬಿಟ್ಟರೂ ಭಯ. ಜೀವಮಾನದಲ್ಲಿ ಒಂದು ತುಂಡು ಬಟ್ಟೆ ನನ್ನನ್ನು ಅಷ್ಟು ಹೆದರಿಸಿದ್ದಿಲ್ಲ. ಕೈ ಬಿಟ್ಟೆ. ಬರೆದೆ.

‘ಎಲ್ಲಿ ಸಾಕಿದ್ದೆ?’

‘ನಿಂತ ಮಗ್ಗದ ಗುಂಡೀಲಿ. ಯಾರಿಗೂ ಗೊತ್ತಿಲ್ಲ. ಗೊತ್ತಾದ್ರೆ ಅಪ್ಪ ಕೊಂದಾಕ್ತಾರೆ.’

ಇದು ನಮ್ಮವರಿಗೆ ಮಾತ್ರ ಅರ್ಥವಾಗುವ ಭಯ. ನಮ್ಮಲ್ಲಿ ಮಗ್ಗ ಅಂದರೆ ದೇವರು. ನೇಕಾರ ಕಾಲು ಇಳಿಬಿಟ್ಟು ಕೂರುವ ಆ ಗುಂಡಿಗೆ ಚಪ್ಪಲಿ ಹಾಕಿಕೊಂಡು ಇಳಿಯುವುದಿಲ್ಲ. ನೇಯುವುದು ನಿಂತು ಗಂಡಸರು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗತೊಡಗಿದ ಮೇಲೂ ಮನೆಯವರು ಶುಕ್ರವಾರ ಅದರ ಮುಂದೆ ದೀಪ ಹಚ್ಚುತ್ತಾರೆ. ಅದರೊಳಗೆ ನಾಯಿ! ಹದಿನಾಲ್ಕು ಊಸಿಗಿಂತ, ನನ್ನ ‘ಸಾವು ಖಂಡಿತ’ಕ್ಕಿಂತ ಆ ಮಗುವನ್ನು ಹೆದರಿಸಿದ್ದು ಇದು.

‘ಅಪ್ಪಂಗೆ ನಾನು ಹೇಳ್ತೀನಿ. ಬೈಯೋದಿದ್ರೆ ನನ್ನ ಬೈಲಿ. ಮಣಿದು ತಪ್ಪಿಲ್ಲ, ನಿಂದೂ ತಪ್ಪಿಲ್ಲ. ನಿಂಗೆ ಎಲ್ಲಿ ಕಚ್ತು ಕಣ್ಣು?’

ಆಚೆ ಬದಿಯಲ್ಲಿ ಮೂಗು ಸೇದಿದ ಸದ್ದು. ಟಕ್, ಟಕ್.

‘ನಂಗೆ ಕಚ್ಚಿಲ್ಲ.’

ಅಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು, ಕೋಣೆ ಸ್ತಬ್ಧವಾಯಿತು. ಹಾಳಾದ ಕರೆಂಟಿಗೆ ನಾನು ಮನಸ್ಸಿನಲ್ಲಿ ಹಾಕಿದ ಶಾಪ ಬರೆಯುವಂಥದ್ದಲ್ಲ. ಆದರೆ ಮಗು ಎದ್ದು ಹೋಗಿರಲಿಲ್ಲ. ಬಟ್ಟೆಯ ಆಚೆ ಅದರ ಉಸಿರು ಕೇಳುತ್ತಿತ್ತು. ಹಲಗೆ ಇಲ್ಲದ ಮೇಲೆ ಇನ್ನೇನು, ನಾನು ಗೋಡೆಗೆ ಮುಖ ಮಾಡಿಕೊಂಡೇ ಮೆತ್ತಗೆ ಕೇಳಿದೆ.

“ಮತ್ತೆ ಯಾರ್ನ ಕಚ್ತು ಕಣ್ಣು?”

ಜಗಲಿಯಲ್ಲಿ ಮಕ್ಕಳ ಗಲಾಟೆ. ಕೊನೆಗೆ ಒಂದು ಪಿಸುಮಾತು ಬಂತು, ಹುಡುಗನದೋ ಹುಡುಗಿಯದೋ ತಿಳಿಯದಂಥ ದನಿಯಲ್ಲಿ.

“ಪಾಪುನ.”

ನಾನು ಕಾಲು ನೋಡಿದೆ, ಹೆಡ್ಮಾಸ್ಟರು ಮೈಕಿನಲ್ಲಿ ಗುಡುಗಿದರು. ಕಚ್ಚಿಸಿಕೊಂಡದ್ದು ಶಾಲೆಗೇ ಬಾರದ, ಹೇಳಲೂ ಬಾರದ ಕೂಸು.

“ಕೇಳು ಕಣ್ಣು” ಅಂದೆ. “ನೀನು ಯಾರು ಅಂತ ನಂಗೆ ಬೇಡ. ಈಗ ಹೊರಗೆ ಹೋಗಿ ಎಲ್ಲರ ಜತೆ ಮನೆಗೆ ನಡಿ. ನಾನು ಹಿಂದೆ ಬರ್ತೀನಿ. ತಿರುಗಿ ನೋಡ್ಬೇಡ. ಮನೆ ಬಂದಾಗ ನಿಂತ್ಕೋ, ಸಾಕು.”

ಸ್ಟೂಲು ಕಿರ್ ಅಂದಿತು. ಬರಿಗಾಲಿನ ಸದ್ದು ಬಾಗಿಲು ದಾಟಿತು. ನಾನು ಕೊಡೆ, ಪರ್ಸು ಎತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಜಗಲಿಯಲ್ಲಿದ್ದ ಮಕ್ಕಳೆಲ್ಲ ಗುಂಪಾಗಿ ಗೇಟು ದಾಟುತ್ತಿದ್ದರು, ಅವರಲ್ಲಿ ಯಾರೆಂದು ತಿಳಿಯುವ ಹಾಗಿರಲಿಲ್ಲ. ಗುಂಪು ನೇಕಾರರ ಬೀದಿಗಳ ಕಡೆ ಹೊರಳಿತು. ನಾನು ಒಂದಿಷ್ಟು ದೂರದಲ್ಲಿ ಹಿಂಬಾಲಿಸಿದೆ. ಪವರ್‌ಲೂಮಿನ ಶೆಡ್ಡುಗಳು ಕರೆಂಟಿಲ್ಲದೆ ಸುಮ್ಮನಿದ್ದವು. ಮೊದಲ ತಿರುವಿನಲ್ಲಿ ಮೂವರು ಹುಡುಗಿಯರು ಹೋದರು. ನಲ್ಲಿಯ ಹತ್ತಿರ ಇಬ್ಬರು. ಎಲ್ಲರೂ ಹೋಗಿಬಿಟ್ಟರೆ? ಹೆದರಿ ನಿಲ್ಲದೇ ಹೋದರೆ? ಕೊನೆಗೆ ಉಳಿದವನು ಒಬ್ಬನೇ. ಪ್ರಾರ್ಥನೆಯಲ್ಲಿ ಬೊಗಳಿ ಏಟು ತಿಂದ ಆ ಬಾಯಿಬಡುಕ! ಇವನಾಗಿರಲಾರ, ನಾನು ದಾರಿ ತಪ್ಪಿದೆ ಅಂದುಕೊಂಡೆ. ಅವನು ಒಂದು ಹಂಚಿನ ಮನೆಯ ಮುಂದೆ ನಿಂತ, ತಿರುಗಲಿಲ್ಲ. ಅವನ ಹೆಗಲು ಅಲುಗುತ್ತಿತ್ತು.

ಹಲಗೆಯ ಮೇಲೆ ‘ಬೌ ಬೌ’ ಬರೆದವನೂ ಅವನೇ ಅಂತ ಆಮೇಲೆ ಹೇಳಿದ. ತನ್ನ ಮೇಲೆ ಯಾರಿಗೂ ಅನುಮಾನ ಬರಬಾರದು ಅಂತ.

ಒಳಗೆ ಅವನ ತಾಯಿ ರಾಟೆಯಲ್ಲಿ ನೂಲು ಸುತ್ತುತ್ತಿದ್ದರು. ಪಕ್ಕದಲ್ಲಿ ಮೂರು ವರ್ಷದ ಹೆಣ್ಣುಕೂಸು ನೂಲಿನ ಖಾಲಿ ಕೋನುಗಳನ್ನು ಒಂದರ ಮೇಲೊಂದು ಪೇರಿಸಿ ಆಡುತ್ತಿತ್ತು. ಹೆಬ್ಬೆರಳಿನ ಬುಡದಲ್ಲಿ ಒಣಗಿದ ಎರಡು ಚುಕ್ಕೆ.

“ವಾಂಗ ಟೀಚರ್... ಅಯ್ಯೋ, ನಮ್ಮ ಟೀಚರಮ್ಮನಾ! ಬನ್ನಿ ಬನ್ನಿ, ಏನ್ ಇವ್ನು ಏನಾರ ಮಾಡಿದ್ನಾ?” ಅಂತ ತಾಯಿ ಎದ್ದರು.

“ಏನೂ ಮಾಡಿಲ್ಲ ಅಕ್ಕ. ಪಾಪು ಕೈಗೆ ಏನಾಯ್ತು?”

“ಅದಾ, ಚುಮ್ಮಾ ಇಲಿ ಪರಚ್ಚಂತೆ. ಅರಿಶಿನ ಹಚ್ದೆ, ಆರೋಯ್ತು.”

ಹುಡುಗ ಬಾಗಿಲಲ್ಲೇ ನಿಂತು, “ಇಲಿ ಅಲ್ಲಮ್ಮಾ” ಅಂದ. ಉಳಿದದ್ದನ್ನು ನಾನು ಹೇಳಿದೆ. ತಾಯಿಯ ಕೈ ಅವನ ಕೆನ್ನೆಗೆ ಎದ್ದಿತು, ನಾನು ನಡುವೆ ಹೋಗಿ ಹಿಡಿದೆ. ಆ ಕೈ ನನ್ನ ಕೈಯಲ್ಲೇ ಸೋತುಹೋಯಿತು. “ಅದು ಆಡ್ತಾ ಐತಲ್ಲ ಟೀಚರ್, ಅನ್ನ ತಿಂದ್ಲಲ್ಲ ಈಗ” ಅಂತ ಅದನ್ನೇ ಹೇಳುತ್ತ ನೆಲಕ್ಕೆ ಕುಸಿದರು. ನಾನು ಕೂಸನ್ನು ಎತ್ತಿಕೊಂಡೆ, ಹುಡುಗ ಬಾಗಿಲು ಎಳೆದುಕೊಂಡ, ನಾಲ್ವರೂ ಬಸ್ಸಿಗೆ ಓಡಿದೆವು.

ಡಾಕ್ಟರು ನನ್ನನ್ನು ಗುರುತು ಹಿಡಿದರು. ಕೂಸಿನ ಕೈಯನ್ನು ದೀಪದ ಕೆಳಗೆ ತಿರುಗಿಸಿ ನೋಡಿದರು. ಯಾವತ್ತು ಕಚ್ಚಿದ್ದು ಅಂತ ಕೇಳಿದಾಗ ಹುಡುಗ ಅಮಾವಾಸ್ಯೆ ಅಂದ. ಡಾಕ್ಟರು ಬೆರಳಿನಲ್ಲಿ ಎಣಿಸಿದರು, ಎಣಿಸಿದ್ದನ್ನು ಹೇಳಲಿಲ್ಲ. ಮರಿಯನ್ನು ಎತ್ತಿ ಮಣ್ಣು ಮಾಡಿದವನು ನೀನೇ ಅಂದ ಮೇಲೆ ನಿನಗೂ ಊಸಿ ಅಂದರು. ಹುಡುಗ ತಾನೇ ಮೊದಲು ಮೇಜಿನ ಮೇಲೆ ಮಲಗಿ ಅಂಗಿ ಎತ್ತಿದ. “ನೋಡು ಪಾಪು, ಏನೂ ನೋಯಲ್ಲ” ಅಂದ. ಸೂಜಿ ಹೊಕ್ಕಾಗ ಅವನ ಕಣ್ಣಿನಿಂದ ನೀರು ದಳದಳ ಸುರಿಯಿತು, ಬಾಯಿ ಮಾತ್ರ ನಗುತ್ತಿತ್ತು. ಪಾಪು ನಂಬಲಿಲ್ಲ. ಅವಳು ಕಿರುಚಿದ್ದು ಹೊರಗಿನ ಗೇಟಿನವರೆಗೆ ಕೇಳಿಸಿತು.

ಹೊರಡುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. “ತಡವಾಗಿದೆ. ಎಲ್ಲ ಊಸಿ ಮುಗಿದ ಮೇಲೂ ನಾನು ಮಾತು ಕೊಡಲಾರೆ. ಕೆಲವು ತಿಂಗಳು ನೋಡ್ತಾ ಇರಬೇಕು. ಮಗು ನೀರು ಕುಡಿಯುತ್ತಾ ನೋಡಿ. ನೀರು ಕಂಡು ಬೆಚ್ಚಿದರೆ...” ಅಂತ ನಿಲ್ಲಿಸಿದರು. ಹುಡುಗ ಹಿಂದೆಯೇ ನಿಂತಿದ್ದನ್ನು ನಾವಿಬ್ಬರೂ ನೋಡಿರಲಿಲ್ಲ.

ಶನಿವಾರ ತಿರುಪ್ಪೂರಿನಿಂದ ತಂದೆ ಬಂದಾಗ ನಾನು ಆ ಮನೆಯಲ್ಲೇ ಕೂತಿದ್ದೆ, ಕೊಟ್ಟ ಮಾತಿನಂತೆ. ಅವರು ಎಲ್ಲ ಕೇಳಿ, ಮಗ್ಗದ ಗುಂಡಿಯನ್ನು ಬಹಳ ಹೊತ್ತು ನೋಡಿ, ಎದ್ದು ಹೋಗಿ ಮಗನ ತಲೆಯ ಮೇಲೆ ಕೈಯಿಟ್ಟರು. ಬೈಗುಳ ನನಗೂ ಬರಲಿಲ್ಲ, ಅವನಿಗೂ ಬರಲಿಲ್ಲ.

ಊಸಿಗಳು ಮುಗಿದವು. ಹೆಡ್ಮಾಸ್ಟರು ಬೆಡ್‌ಶೀಟಿನ ಮಾತು ಮತ್ತೆ ಎತ್ತಲಿಲ್ಲ. ಅದಾದ ಮೇಲೆ ದಿನಾ ಸಂಜೆ ಹಲಗೆಯ ಮೇಲೆ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಹೆಸರಿಲ್ಲದ ಒಂದು ಸಾಲು ಬರತೊಡಗಿತು. ‘ಪಾಪು ನೀರು ಕುಡಿದ್ಲು.’ ಅಷ್ಟೇ. ಉಳಿದ ಮಕ್ಕಳಿಗೆ ಎಷ್ಟು ಅರ್ಥವಾಯಿತೋ ಕಾಣೆ, ಯಾರೂ ಅದರ ಕೆಳಗೆ ಏನೂ ಬರೆಯಲಿಲ್ಲ, ಯಾರೂ ಅಳಿಸಲಿಲ್ಲ. ನನ್ನ ದಿನವೆಲ್ಲ ಆ ಸಾಲಿಗೆ ಕಾಯುವುದೇ ಆಯಿತು. ಅದು ಬಂದರೆ ಮನೆಗೆ ಹೋಗಿ ಊಟ ಸೇರುತ್ತಿತ್ತು. ಭಾನುವಾರ ಹಲಗೆ ಇಲ್ಲ, ಆವತ್ತು ನಾನು ಮನೆಯವರ ಮೇಲೆಲ್ಲ ರೇಗುತ್ತಿದ್ದೆ. ಕ್ವಾರ್ಟರ್ಲಿ ಪರೀಕ್ಷೆ ಮುಗಿಯಿತು, ದೀಪಾವಳಿ ಹೋಯಿತು, ಹಾಫ್‌ಇಯರ್ಲಿ ಹತ್ತಿರ ಬಂತು. ಭಯ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ, ಅಭ್ಯಾಸವಾಯಿತು ಅಷ್ಟೇ.

ಒಂದು ಸಂಜೆ ಸಾಲು ಬರಲಿಲ್ಲ.

ಎರಡೂ ಕಂಪ್ಯೂಟರಿನಲ್ಲಿ ನೋಡಿದೆ. ಫ್ಲಾಪಿ ತೆಗೆದು ಮತ್ತೆ ಹಾಕಿ ನೋಡಿದೆ. ಮಕ್ಕಳೆಲ್ಲ ಹೋಗಿ ಜಗಲಿ ಖಾಲಿಯಾಗಿತ್ತು. ಬೆಳಿಗ್ಗೆ ಹುಡುಗ ತರಗತಿಯಲ್ಲಿದ್ದ, ನಾನೇ ನೋಡಿದ್ದೆ, ಮಧ್ಯಾಹ್ನ ಯಾರಾದರೂ ಬಂದು ಕರೆದುಕೊಂಡು ಹೋದರೇ? ಕೋಣೆಗೆ ಬೀಗ ಹಾಕಿದೆನೋ ಇಲ್ಲವೋ ಗೊತ್ತಿಲ್ಲ. ಆ ಬೀದಿಗೆ ನಾನು ನಡೆಯಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಕಿಟಕಿ ಮುಚ್ಚಿದೆಯೇ, ದನಿ ಕೇಳುತ್ತಿದೆಯೇ ಅಂತ ಕಿವಿಯೆಲ್ಲ ಆ ಕಡೆಗೇ ಇತ್ತು.

ಬೀದಿಯ ನಡುವೆ ಅವನು ಇಟ್ಟಿಗೆ ನಿಲ್ಲಿಸಿ ಕ್ರಿಕೆಟ್ ಆಡುತ್ತಿದ್ದ. ನನ್ನನ್ನು ನೋಡಿ ಬ್ಯಾಟು ಕೆಳಗಿಟ್ಟ.

“ಯಾಕೋ ಬರೀಲಿಲ್ಲ?” ನನಗೆ ಉಸಿರೇ ಸಿಗುತ್ತಿರಲಿಲ್ಲ.

“ಏನ್ ಟೀಚರ್?”

“ಹಲಗೇಲಿ ಕಣೋ! ಇವತ್ತು ಯಾಕೆ ಬರೀಲಿಲ್ಲ?”

ಅವನು ನನ್ನ ಮುಖ ನೋಡಿದ. ನೆನಪು ಮಾಡಿಕೊಂಡ. ನಾಲಿಗೆ ಕಚ್ಚಿಕೊಂಡ.

“ಅಯ್ಯೋ... ಮರ್ತೋದೆ ಟೀಚರ್.”

ಮರೆತನಂತೆ! ಕಪಾಳಕ್ಕೆ ಒಂದು ಬಿಡಬೇಕು ಅನ್ನಿಸಿತು, ಎತ್ತಿ ಮುದ್ದಾಡಬೇಕು ಅನ್ನಿಸಿತು. ಎರಡಕ್ಕೂ ಶಕ್ತಿಯಿಲ್ಲದೆ ಅವರ ಮನೆಯ ಮೆಟ್ಟಿಲ ಮೇಲೆ ಕೂತು, ಬೀದಿಯವರೆಲ್ಲ ನೋಡುತ್ತಿದ್ದಾರೆ ಅನ್ನುವುದನ್ನೂ ಲೆಕ್ಕಿಸದೆ ಜೋರಾಗಿ ಅತ್ತುಬಿಟ್ಟೆ. ಅವನು ಗಾಬರಿಯಾಗಿ ಒಳಗೆ ನೋಡಿ ಕೂಗಿದ. “ಪಾಪು, ಟೀಚರ್‌ಗೆ ನೀರು ತಾ!”

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ಹೊಸಿಲಲ್ಲಿ ನಿಂತು, ನನ್ನನ್ನು ನೋಡುತ್ತಲೇ ಮುಕ್ಕಾಲು ಲೋಟ ತಾನೇ ಗಟಗಟ ಕುಡಿದು, ಮಿಕ್ಕದ್ದನ್ನು ನನಗೆ ಕೊಟ್ಟಳು.